ನಾನು ಕತ್ತರಿಸಿದ ಹಾಡು

ಲಾಕ್‌ಡೌನ್ ಶುರುವಾಗುವುದಕ್ಕೆ ಸ್ವಲ್ಪ ಮೊದಲು ಆ ಹಾರ್ಡ್ ಡಿಸ್ಕ್ ನಮ್ಮ ಮನೆಗೆ ಬಂತು. ಮಲೇಷಿಯಾದ ಪೆಟಾಲಿಂಗ್ ಜಯಾದಲ್ಲಿ ನಾನು ಕೆಲಸ ಮಾಡುತ್ತಿದ್ದ ಸಣ್ಣ ಎಡಿಟಿಂಗ್ ಸ್ಟುಡಿಯೊ ಬಾಗಿಲು ಹಾಕಿತ್ತು. ನಾನು ಎಡಿಟ್ ಮಾಡಬೇಕಾಗಿದ್ದ ಹಾಡಿನ ನಿರ್ದೇಶಕ ಇಲ್ಲೇ ಹುಟ್ಟಿ ಬೆಳೆದ ತಮಿಳು ಯುವಕ. ಅವನು ಬೈಕಿನಲ್ಲಿ ನಾವಿದ್ದ ಪುಚೊಂಗ್‌ವರೆಗೆ ಬಂದು, ಇಲ್ಲಿಯವರು ಕಾಂಡೋ ಎನ್ನುವ ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಡಿಸ್ಕನ್ನು ನನ್ನ ಕೈಗೆ ಕೊಟ್ಟ. ಇನ್ನು ಎಲ್ಲರೂ ಮನೆಯಲ್ಲೇ ಕೂತಿರುತ್ತಾರೆ, ಈಗ ಬಿಟ್ಟರೆ ಎಲ್ಲರೂ ನೋಡುತ್ತಾರೆ, ಬೇಗ ಮುಗಿಸಿಕೊಡಿ ಅಕ್ಕಾ ಎಂದ. ಹುರುಪಿನಲ್ಲಿದ್ದ. ನನಗೂ ಹುರುಪಿತ್ತು. ಅದಕ್ಕೆ ಮೊದಲು ಇಲ್ಲಿ ನಾನು ಮಾಡಿದ್ದೆಲ್ಲ ಮದುವೆ ವೀಡಿಯೊಗಳು ಮತ್ತು ಒಂದು ಹೋಟೆಲಿನ ಜಾಹೀರಾತು.

ಬೆಂಗಳೂರಿನಲ್ಲಿ ನಾನು ಧಾರಾವಾಹಿಗಳ ಎಡಿಟರ್ ಆಗಿದ್ದೆ, ನಡುವೆ ಕೆಲವು ಸಿನಿಮಾ ಹಾಡುಗಳನ್ನೂ ಕಟ್ ಮಾಡಿದ್ದೆ. ಉಡುಪಿ ಕಡೆಯವರಾದ ನನ್ನ ಗಂಡನಿಗೆ ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿದ ಮೇಲೆ ಮಗಳನ್ನು ಕರೆದುಕೊಂಡು ಬಂದೆವು. ಎಂಸಿಒ ಎಂದು ಇಲ್ಲಿಯವರು ಕರೆಯುತ್ತಿದ್ದ ಆ ಲಾಕ್‌ಡೌನಿನಲ್ಲಿ ಗಂಡ ಆಸ್ಪತ್ರೆಗೆ ಹೋಗಿಬಂದು ಬೇರೆ ಕೋಣೆಯಲ್ಲಿ ಮಲಗುತ್ತಿದ್ದರು. ಮಗಳ ಶಾಲೆ ಅವಳ ಕೋಣೆಯ ಕಂಪ್ಯೂಟರಿನಲ್ಲಿ ನಡೆಯುತ್ತಿತ್ತು. ಊಟದ ಮೇಜು ನನ್ನದಾಯಿತು.

ಡಿಸ್ಕಿನಲ್ಲಿದ್ದದ್ದು ಒಂದು ಹಿಪ್ ಹಾಪ್ ಹಾಡಿನ ಚಿತ್ರೀಕರಣ. ಬಾಡಿಗೆಗೆ ತೆಗೆದುಕೊಂಡ ಒಂದು ಬಂಗಲೆ, ಅದರ ಈಜುಕೊಳ, ಕೊಳದ ಪಕ್ಕದಲ್ಲಿ ಕುರ್ಚಿ ಹಾಕಿ ಕುಳಿತ ಹಾಡುಗಾರ. ಅವನೂ ತಮಿಳನೇ, ನನಗಿಂತ ಒಂದು ಪಟ್ಟು ಹೆಚ್ಚೇ ಕಪ್ಪು. ಅವನ ಸುತ್ತ ಕುಣಿಯಲು ಆಫ್ರಿಕಾದ ಕೆಲವು ಹುಡುಗಿಯರನ್ನು ಕರೆಸಿದ್ದರು. ಅವರೆಲ್ಲ ಇಲ್ಲಿನ ಕಾಲೇಜುಗಳಲ್ಲಿ ಓದುವವರು ಎಂದು ನಿರ್ದೇಶಕ ಹೇಳಿದ್ದ. ಅಮೆರಿಕದ ವೀಡಿಯೊ ಥರ ಕಾಣಬೇಕು ಎನ್ನುವುದು ಅವನ ಆಸೆ. ನೋಡಿ ಕಲಿತುಕೊಳ್ಳಿ ಎಂದು ಅಂಥ ಅನೇಕ ವೀಡಿಯೊಗಳನ್ನು ಅದೇ ಡಿಸ್ಕಿನ ಇನ್ನೊಂದು ಫೋಲ್ಡರಿನಲ್ಲಿ ಹಾಕಿಟ್ಟಿದ್ದ.

ನಾನು ಶ್ರದ್ಧೆಯಿಂದಲೇ ನೋಡಿದೆ. ಕಪ್ಪು ಹೆಂಗಸರನ್ನು ನಾನು ಮೊದಲು ಕಂಡದ್ದು ಇಂಥ ವೀಡಿಯೊಗಳಲ್ಲೇ, ಬೆಂಗಳೂರಿನ ಹಾಸ್ಟೆಲಿನ ಟೀವಿಯಲ್ಲಿ. ಮಲೇಷಿಯಾಕ್ಕೆ ಬಂದು ಅಷ್ಟು ದಿನವಾಗಿದ್ದರೂ ಒಬ್ಬರ ಜೊತೆಗೂ ನಾಲ್ಕು ಮಾತಾಡಿರಲಿಲ್ಲ. ಈಗ ಎಡಿಟರ್ ಕಣ್ಣಿನಿಂದ ನೋಡುವಾಗ ಆ ವೀಡಿಯೊಗಳ ವ್ಯಾಕರಣ ಬೇಗ ಅರ್ಥವಾಯಿತು. ಗಂಡಸು ನಿಂತಿರುತ್ತಾನೆ ಅಥವಾ ಕುಳಿತಿರುತ್ತಾನೆ, ಹೆಂಗಸರು ಅಲುಗುತ್ತಿರುತ್ತಾರೆ. ಗಂಡಸನ್ನು ಕ್ಯಾಮೆರಾ ಮುಖದಿಂದ ಹಿಡಿಯುತ್ತದೆ, ಹೆಂಗಸರನ್ನು ಕೆಳಗಿನಿಂದ. ಅವರ ಕುತ್ತಿಗೆ ಬರುವಷ್ಟರಲ್ಲಿ ಫ್ರೇಮ್ ಮುಗಿದಿರುತ್ತದೆ. ಯಾವ ಸೊಂಟ ಯಾವ ಮುಖದ್ದು ಎಂದು ನೋಡುವವನಿಗೆ ಗೊತ್ತಾಗಬೇಕಾಗಿಲ್ಲ. ಇದು ನನಗೆ ಹೊಸತೇನಲ್ಲ. ನಮ್ಮ ಸಿನಿಮಾಗಳ ಐಟಂ ಹಾಡುಗಳನ್ನು ನಾನು ಹೀಗೆಯೇ ಕಟ್ ಮಾಡಿದ್ದೆ, ಅವುಗಳಿಂದಲೇ ಹೆಸರನ್ನೂ ತೆಗೆದುಕೊಂಡಿದ್ದೆ. ಅಲ್ಲಿ ಒಬ್ಬಳ ಮುಖವಾದರೂ ಪೋಸ್ಟರಿನಲ್ಲಿ ಇರುತ್ತಿತ್ತು, ಅಷ್ಟೇ ವ್ಯತ್ಯಾಸ.

ನಿರ್ದೇಶಕ ದಿನಾ ಫೋನ್ ಮಾಡಿ ಬೇಕಾದ್ದನ್ನು ಹೇಳುತ್ತಿದ್ದ. ಕುಣಿಯುವವರ ಮುಖ ಬೇಡ, ಹಾಡುಗಾರನ ಮುಖ ಒಂದೇ ಸಾಕು. ಸೊಂಟದ ಶಾಟ್‌ಗಳೆಲ್ಲ ಸ್ಲೋ ಮೋಷನ್ ಆಗಲಿ. ಹುಡುಗಿಯರ ಚರ್ಮ ಇನ್ನಷ್ಟು ಕಪ್ಪಾಗಿ, ಎಣ್ಣೆ ಸವರಿದ ಹಾಗೆ ಹೊಳೆಯಲಿ. ಕೊನೆಗೆ ಸ್ವಲ್ಪ ಸಂಕೋಚದಿಂದ, ಹಾಡುಗಾರನ ಮುಖವನ್ನು ಒಂಚೂರು ಬೆಳ್ಳಗೆ ಮಾಡಬಹುದೇ ಎಂದು ಕೇಳಿದ. ನಾನು ಎಲ್ಲವನ್ನೂ ಮಾಡಿದೆ. ಹೆಣ್ಣು ನೋಡಲು ಬಂದವರು ಹುಡುಗಿ ಬಣ್ಣ ಕಡಿಮೆ ಎಂದು ಎದ್ದುಹೋದದ್ದನ್ನು ಅನುಭವಿಸಿದವಳು ನಾನು. ಆದರೂ ಒಂದೇ ಪರದೆಯ ಮೇಲೆ ಅವನನ್ನು ಬೆಳ್ಳಗೆ, ಅವರನ್ನು ಇನ್ನಷ್ಟು ಕಪ್ಪಗೆ ಮಾಡುವಾಗ ನನ್ನ ಕೈ ಎಲ್ಲೂ ನಿಲ್ಲಲಿಲ್ಲ.

ಆ ಹುಡುಗಿಯರಲ್ಲಿ ಹಳದಿ ಬಟ್ಟೆ ತೊಟ್ಟ ಒಬ್ಬಳ ಮೊಣಕಾಲಿನ ಕೆಳಗೆ ಅಂಗೈಯಗಲದ ಸುಟ್ಟ ಗುರುತಿತ್ತು. ಅದನ್ನು ತೆಗೆಯಬೇಕು ಎಂದ ನಿರ್ದೇಶಕ. ಒಂದೊಂದೇ ಫ್ರೇಮ್ ನಿಲ್ಲಿಸಿ, ಪಕ್ಕದ ಚರ್ಮವನ್ನು ತಂದು ಆ ಗುರುತಿನ ಮೇಲೆ ಮುಚ್ಚುವ ಕೆಲಸ. ಬೇಜಾರಿನದು, ಕಣ್ಣು ಉರಿಯುತ್ತದೆ. ಹಾಗಾಗಿ ಆ ಕಾಲನ್ನು ನಾನು ನೋಡಿದಷ್ಟು ಅವಳೂ ನೋಡಿರಲಿಕ್ಕಿಲ್ಲ.

ಟೇಕ್‌ಗಳ ನಡುವೆ ಕ್ಯಾಮೆರಾ ಸುಮ್ಮನೆ ಓಡುತ್ತಿದ್ದ ಫುಟೇಜ್ ಕೂಡ ಡಿಸ್ಕಿನಲ್ಲಿತ್ತು. ಅದರಲ್ಲಿ ಅದೇ ಹುಡುಗಿಯರು ಟವೆಲ್ ಹೊದ್ದು ಕುಳಿತಿರುತ್ತಿದ್ದರು, ಒಬ್ಬಳ ಜಡೆಯನ್ನು ಇನ್ನೊಬ್ಬಳು ಸರಿಮಾಡುತ್ತಿದ್ದಳು. ಹಳದಿ ಬಟ್ಟೆಯವಳು ಫೋನಿನಲ್ಲಿ ಏನೋ ಓದಿಕೊಳ್ಳುತ್ತಿದ್ದಳು. ಒಮ್ಮೆ ಅವಳ ಗೆಳತಿಯ ಚಪ್ಪಲಿ ಜಾರಿ ಕೊಳಕ್ಕೆ ಬಿತ್ತು. ಇವಳು ತಲೆ ಹಿಂದೆ ಹಾಕಿ ನಕ್ಕಳು. ಆ ನಗು ನನಗೆ ತುಂಬ ಇಷ್ಟವಾಯಿತು. ಮುಖ ಬೇಡ ಎಂದು ಹೇಳಿದ್ದರೂ ಆ ನಗುವಿನ ಚೂರೊಂದನ್ನು ತೆಗೆದು ಹಾಡಿನೊಳಗೆ ಸೇರಿಸಿದೆ. ಹಾಡುಗಾರ ಒಂದು ಪೋಲಿ ಸಾಲು ಹೇಳಿ ಕಣ್ಣು ಹೊಡೆಯುತ್ತಾನಲ್ಲ, ಅದರ ಬೆನ್ನಿಗೇ ಆ ನಗು ಸರಿಯಾಗಿ ಕೂತಿತು. ಚಪ್ಪಲಿಗೆ ನಕ್ಕವಳು ಈಗ ಅವನಿಗೆ ನಕ್ಕಂತೆ ಕಂಡಳು. ನಿರ್ದೇಶಕ ನೋಡಿ, ಇದೊಂದು ಮುಖ ಇರಲಿ ಅಕ್ಕಾ, ಬೆಂಕಿ ಎಂದ.

ಹಾಡು ಹೊರಗೆ ಬಂದದ್ದು ಎಲ್ಲರೂ ಮನೆಯೊಳಗೆ ಕೊಳೆಯುತ್ತಿದ್ದ ದಿನಗಳಲ್ಲಿ. ನಿರ್ದೇಶಕನ ಲೆಕ್ಕಾಚಾರ ಸರಿಯಾಗಿತ್ತು, ಬಹಳ ಜನ ನೋಡಿದರು. ವೀಡಿಯೊದ ಕೊನೆಯಲ್ಲಿ ನನ್ನ ಹೆಸರು ಬರುತ್ತಿತ್ತು. ನೋಡಿದವರು ಕೆಳಗೆ ಬರೆದ ಮಾತುಗಳನ್ನು ಸಂತೋಷದಿಂದ ಓದಲು ಕೂತು, ಸ್ವಲ್ಪ ಹೊತ್ತಿಗೆ ಲ್ಯಾಪ್‌ಟಾಪ್ ಮುಚ್ಚಿದೆ. ಹಾಡಿನ ಬಗ್ಗೆ ಬರೆದವರು ಕಡಿಮೆ. ಆ ಹುಡುಗಿಯರ ಮೈಯ ಬಗ್ಗೆ, ಬಣ್ಣದ ಬಗ್ಗೆ, ಇಂಥವರು ಇಲ್ಲಿಗೆ ಯಾಕೆ ಬರುತ್ತಾರೆ ಎನ್ನುವುದರ ಬಗ್ಗೆ ಬರೆದವರೇ ಹೆಚ್ಚು. ತಮಿಳಿನಲ್ಲಿ, ಮಲಯ್‌ನಲ್ಲಿ, ಇಂಗ್ಲಿಷಿನಲ್ಲಿ.

ಆಮೇಲೊಂದು ದಿನ ಮಗಳು ತನ್ನ ಕೋಣೆಯಲ್ಲಿ ಅದೇ ಹಾಡು ಹಾಕಿಕೊಂಡು, ಫೋನನ್ನು ಪುಸ್ತಕಗಳಿಗೆ ಒರಗಿಸಿಟ್ಟು ಕುಣಿಯುತ್ತಿದ್ದಳು. ಶಾಲೆಯ ಗೆಳತಿಯರೆಲ್ಲ ಹಾಗೆ ಕುಣಿದು ಒಬ್ಬರಿಗೊಬ್ಬರು ಕಳಿಸುತ್ತಿದ್ದರಂತೆ. ನಾನು ಬಾಗಿಲಲ್ಲಿ ನಿಂತು ನೋಡಿದವಳು ಒಳಗೆ ನುಗ್ಗಿ ಫೋನ್ ಕಿತ್ತುಕೊಂಡೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನೀನೇ ತಾನೆ ಇದನ್ನು ಮಾಡಿದ್ದು ಎಂದಳು. ಫೋನ್ ವಾಪಸ್ ಕೊಟ್ಟೆ. ಅವಳನ್ನು ಯಾರಾದರೂ ಹಾಗೆ ಕಂಡಾರು ಎಂದು ನನ್ನ ಎದೆ ಹೊಡೆದುಕೊಂಡಿತ್ತು. ಬೇರೆಯವರ ಹೆಣ್ಣುಮಕ್ಕಳನ್ನು ಅಷ್ಟು ದಿನ ಕೂತು ಕತ್ತರಿಸುವಾಗ ಆ ಎದೆ ಎಲ್ಲಿತ್ತು ಎಂಬ ಪ್ರಶ್ನೆ ಆ ದಿನದಿಂದ ನನ್ನ ಹಿಂದೆ ಬಿತ್ತು.

ನಿರ್ಬಂಧ ಒಂಚೂರು ಸಡಿಲವಾದಾಗ ಸಾಮಾನು ತರಲು ಕೆಳಗೆ ಇಳಿದೆ. ವಾಪಸ್ ಹತ್ತುವಾಗ ಲಿಫ್ಟಿನಲ್ಲಿ ಒಬ್ಬಳು ನಿಂತಿದ್ದಳು. ಮಾಸ್ಕ್ ಕಣ್ಣಿನವರೆಗೆ ಇತ್ತು, ತಲೆಗೆ ಬಟ್ಟೆ ಕಟ್ಟಿದ್ದಳು, ಮೊಣಕಾಲಿನವರೆಗಿನ ಮನೆಯ ಬಟ್ಟೆ. ನಾನು ತಲೆ ತಗ್ಗಿಸಿದಾಗ ಕಾಲು ಕಾಣಿಸಿತು, ಮೊಣಕಾಲಿನ ಕೆಳಗಿನ ಆ ಗುರುತು. ಮುಖ ಕಾಣದೆ, ದನಿ ಕೇಳದೆ, ಬರೀ ಕಾಲಿನಿಂದ ನಾನು ಒಬ್ಬ ಹೆಂಗಸಿನ ಗುರುತು ಹಿಡಿದಿದ್ದೆ. ಅವಳು ನನಗೆ ನಮಸ್ಕಾರ ಹೇಳುವ ಹಾಗೆ ತಲೆಯಾಡಿಸಿದಳು.

ಅವಳು ನಮ್ಮ ಕೆಳಗಿನ ಮಹಡಿಯಲ್ಲೇ ಇದ್ದಳು. ಜಾಂಬಿಯಾದವಳು, ಸಿವಿಲ್ ಎಂಜಿನಿಯರಿಂಗ್ ಕೊನೆಯ ವರ್ಷ. ಜೊತೆಗಿದ್ದ ಗೆಳತಿಯರು ವಿಮಾನ ನಿಲ್ಲುವ ಮೊದಲೇ ಊರಿಗೆ ಹೋಗಿದ್ದರು, ಇವಳೊಬ್ಬಳೇ ಸಿಕ್ಕಿಹಾಕಿಕೊಂಡಿದ್ದಳು. ಇದನ್ನೆಲ್ಲ ನಾನೇ ಮೇಲೆ ಬಿದ್ದು ಕೇಳಿ ತಿಳಿದುಕೊಂಡದ್ದು. ಊಟಕ್ಕೆ ಏನು ಮಾಡುತ್ತೀ ಎಂದೂ ಕೇಳಿದೆ. ಊರಿನಲ್ಲಿ ಮೆಕ್ಕೆಜೋಳದ ಹಿಟ್ಟಿನಿಂದ ಗಟ್ಟಿಯಾಗಿ ಮಾಡಿ ಕೈಯಲ್ಲಿ ಉಂಡೆ ಕಟ್ಟಿ ತಿನ್ನುವ ಒಂದು ಅಡುಗೆ ಇದೆ, ಇಲ್ಲಿ ಆ ಹಿಟ್ಟು ಸಿಗುತ್ತಿಲ್ಲ ಎಂದಳು. ನಾನು ತುಮಕೂರು ಕಡೆಯವಳು, ನನಗೆ ವಿವರಣೆ ಬೇಕಾಗಲಿಲ್ಲ. ತಮಿಳು ಅಂಗಡಿಯಲ್ಲಿ ಕೇಳ್ವರಗು ಎಂದರೆ ಸಿಗುವ ರಾಗಿ ಹಿಟ್ಟು ತಂದು, ಮುದ್ದೆ ಮಾಡಿ, ಬಸ್ಸಾರಿನ ಜೊತೆ ಅವಳ ಬಾಗಿಲಿಗೆ ಕೊಟ್ಟುಬಂದೆ. ಮರುದಿನ ಪಾತ್ರೆ ತೊಳೆದು ವಾಪಸ್ ತಂದಳು, ಒಳಗೆ ಅವಳು ಮಾಡಿದ ಕಡಲೆಬೀಜದ ಪುಡಿ ಹಾಕಿದ ಸೊಪ್ಪಿನ ಪಲ್ಯ ಇತ್ತು. ಆಮೇಲೆ ಅದು ರೂಢಿಯಾಯಿತು. ಅವಳು ಆಂಟಿ ಎನ್ನತೊಡಗಿದಳು. ಬಾಗಿಲಲ್ಲಿ ದೂರ ನಿಂತು ಮಾತಾಡುತ್ತಿದ್ದೆವು, ಇಂಗ್ಲಿಷಿನಲ್ಲಿ. ಏನು ಕೆಲಸ ಎಂದು ಅವಳು ಕೇಳಿದಾಗ ಕಂಪ್ಯೂಟರಿನಲ್ಲಿ ಎಂದೆ.

ಪ್ರತಿ ಸಲ ಮೆಟ್ಟಿಲು ಇಳಿಯುವಾಗ ಇವತ್ತು ಹೇಳಿಬಿಡೋಣ ಎಂದುಕೊಳ್ಳುತ್ತಿದ್ದೆ. ಪಾತ್ರೆ ಕೊಟ್ಟು ಮೇಲೆ ಬರುತ್ತಿದ್ದೆ.

ಕಾಂಡೋದವರದು ಫೋನಿನಲ್ಲಿ ಒಂದು ಗ್ರೂಪ್ ಇತ್ತು. ನೀರು ಬರಲಿಲ್ಲ, ಲಿಫ್ಟ್ ಕೆಟ್ಟಿದೆ, ಯಾರ ಮನೆಯ ಮುಂದೆ ಚಪ್ಪಲಿ ರಾಶಿ ಎಂಬಂಥ ಮಾತು. ಒಂದು ಬೆಳಿಗ್ಗೆ ಯಾರೋ ಒಬ್ಬರು ಅದರಲ್ಲಿ ಒಂದು ಚಿತ್ರ ಹಾಕಿದರು. ವೀಡಿಯೊದಿಂದ ತೆಗೆದ ಚಿತ್ರ. ಹಳದಿ ಬಟ್ಟೆ, ಹಿಂದೆ ಹಾಕಿದ ತಲೆ, ಆ ನಗು. ಈ ಹೆಂಗಸು ನಮ್ಮ ಬ್ಲಾಕಿನಲ್ಲೇ ಇದ್ದಾಳೆ, ಇಲ್ಲಿ ಸಂಸಾರಸ್ಥರು ವಾಸ ಮಾಡುತ್ತಾರೆ ಎನ್ನುವುದನ್ನು ಮನೆ ಮಾಲೀಕರು ಗಮನಿಸಬೇಕು ಎಂದು ಕೆಳಗೆ ಬರೆದಿದ್ದರು. ಮಧ್ಯಾಹ್ನದ ಹೊತ್ತಿಗೆ ಸಾಲು ಬೆಳೆಯಿತು. ಅವಳ ಮನೆಗೆ ಯಾರ್ಯಾರು ಬರುತ್ತಾರೆ ಎಂದು ಗಾರ್ಡ್ ನೋಡಿಕೊಳ್ಳಲಿ ಎಂದರು ಒಬ್ಬರು. ಲಾಕ್‌ಡೌನಿನಲ್ಲಿ ಒಬ್ಬಳೇ ಹೇಗೆ ಜೀವನ ಮಾಡುತ್ತಾಳೆ, ಯೋಚಿಸಿ ಎಂದರು ಇನ್ನೊಬ್ಬರು. ರೋಗ ಹರಡುವುದು ಇಂಥವರಿಂದಲೇ ಎಂದೂ ಒಂದು ಮಾತು ಬಂತು. ಹಾಗೆ ಬರೆದವರಲ್ಲಿ ನಮ್ಮೂರಿನವರೂ ಇದ್ದರು, ದೀಪಾವಳಿಗೆ ನನ್ನ ಮನೆಯ ಕೋಡುಬಳೆ ತಿಂದವರು.

ಅವಳಿಗೆ ಮುದ್ದೆಯ ಉಂಡೆ ಕಳಿಸುತ್ತಿದ್ದವಳು ನಾನೊಬ್ಬಳೇ ಎಂದು ನನಗೆ ಗೊತ್ತಿತ್ತು. ಆ ನಗು ಯಾವುದಕ್ಕೆ ನಕ್ಕದ್ದು ಎಂದು ಆ ಗ್ರೂಪಿನಲ್ಲಿ ಗೊತ್ತಿದ್ದವಳೂ ನಾನೊಬ್ಬಳೇ. ಬರೆಯಲು ಶುರುಮಾಡಿದೆ, ಅಳಿಸಿದೆ, ಮತ್ತೆ ಬರೆದೆ. ಗಂಡ ಆಸ್ಪತ್ರೆಯಿಂದ ಬಂದು ಸ್ನಾನ ಮಾಡಿ ಬಾಗಿಲಾಚೆ ಕೂತಿದ್ದರು. ಅವರಿಗೆ ಹೇಳಿದೆ.

"ಎಂಥ ಬರೀಲಿಕ್ಕೆ ಉಂಟು ಮಾರಾಯ್ತಿ ಅದರಲ್ಲಿ?" ಎಂದರು. ದಣಿದಿದ್ದರು. "ನಾಲ್ಕು ದಿನ ಹೋದ್ರೆ ಎಲ್ಲ ಮರೀತಾರೆ. ನಾವೂ ಇಲ್ಲಿ ವೀಸಾದಲ್ಲಿ ಇರುವವರಲ್ವಾ?"

ಅವರ ಮಾತು ನನಗೆ ಅನುಕೂಲವಾಯಿತು. ಫೋನನ್ನು ಮಗುಚಿಟ್ಟು ಅಡುಗೆಮನೆಗೆ ಹೋದೆ. ಆ ದಿನ ಚಿತ್ರಾನ್ನ ಜಾಸ್ತಿ ಮಾಡಿ ಅವಳಿಗೂ ಕೊಟ್ಟುಬಂದೆ.

ಯಾರೂ ಮರೆಯಲಿಲ್ಲ. ಗೇಟಿನಲ್ಲಿ ಎಲ್ಲರಿಗೂ ಹಣೆಗೆ ಥರ್ಮಾಮೀಟರ್ ಹಿಡಿದು ಒಳಗೆ ಬಿಡುತ್ತಿದ್ದ ಗಾರ್ಡ್, ಅವಳ ಚೀಲ ತೆಗೆಸಿ ನೋಡತೊಡಗಿದ. ಲಿಫ್ಟಿನ ಬಾಗಿಲು ತೆರೆದು ಅವಳಿದ್ದರೆ ಹೆಂಗಸರು ಮಕ್ಕಳ ಕೈ ಹಿಡಿದು ಮುಂದಿನದಕ್ಕೆ ಕಾಯುತ್ತಿದ್ದರು. ಅವಳಿಗೆ ಕಾರಣ ಗೊತ್ತಾದದ್ದು ಮನೆ ಮಾಲೀಕ ಫೋನ್ ಮಾಡಿ, ತಿಂಗಳ ಕೊನೆಗೆ ಖಾಲಿ ಮಾಡು ಎಂದಾಗ.

ಅವಳು ಮೇಲೆ ಬಂದಳು, ಮೊದಲ ಸಲ ನಮ್ಮ ಬಾಗಿಲು ತಟ್ಟಿದಳು. ಅತ್ತಿದ್ದಳು ಎಂದು ಮಾಸ್ಕಿನ ಮೇಲಿನಿಂದಲೇ ಗೊತ್ತಾಗುತ್ತಿತ್ತು. ಒಳಗೆ ಕರೆದು ಕಿಟಕಿಗಳನ್ನೆಲ್ಲ ತೆಗೆದೆ. ಅವಳು ಮೇಜಿನ ಆ ತುದಿಯಲ್ಲಿ, ನಾನು ಈ ತುದಿಯಲ್ಲಿ. ಒಂದು ಹಾಡಿನ ಶೂಟಿಂಗಿಗೆ ಹೋಗಿದ್ದೆ ಎಂದು ನನಗೆ ವಿವರಿಸತೊಡಗಿದಳು. ಹಗಲು ಹೊತ್ತು, ಎಲ್ಲರೂ ಇದ್ದರು, ಕಾಲೇಜಿನ ಗೆಳತಿಯರೇ ಸೇರಿ ಹೋಗಿದ್ದರಂತೆ. ಕುಣಿಯುವುದು ಅವಳಿಗೆ ಇಷ್ಟ, ಊರಿನ ಚರ್ಚಿನಲ್ಲೂ ಕುಣಿಯುತ್ತಿದ್ದಳು. ಬಟ್ಟೆ ಇಷ್ಟು ಚಿಕ್ಕದು ಎಂದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಆದರೂ ಆ ದಿನ ಕೆಟ್ಟದ್ದೇನೂ ಆಗಲಿಲ್ಲ, ನಗುತ್ತ ಕಳೆಯಿತು. ವೀಡಿಯೊ ನೋಡಿದಾಗ ಅದು ತಾನು ಹೋಗಿದ್ದ ದಿನವೇ ಅಲ್ಲ ಎನ್ನಿಸಿತು. ಈಗ ಅದು ಊರಿಗೂ ತಲುಪಿದೆ. ಅಮ್ಮನಿಗೆ ತೋರಿಸಲು, ಮಾಲೀಕನಿಗೆ ತೋರಿಸಲು, ಆ ದಿನ ನಿಜವಾಗಿ ಹೇಗಿತ್ತು ಎನ್ನುವುದರ ಫುಟೇಜ್ ಬೇಕು. ನಿರ್ದೇಶಕ ಫೋನ್ ಎತ್ತುತ್ತಿಲ್ಲ.

"ಆಂಟಿ, ನಿಮಗೆ ಕಂಪ್ಯೂಟರ್ ಕೆಲಸ ಗೊತ್ತು. ಇದನ್ನ ಯಾರು ಎಡಿಟ್ ಮಾಡಿದ್ದು ಅಂತ ಹುಡುಕಿಕೊಡ್ತೀರಾ?"

ಅವಳ ಮುಂದಿದ್ದ ಮೇಜೇ ಆ ಮೇಜು. ಹೇಳದೆ ಉಳಿಯಲು ಇನ್ನು ಜಾಗವೇ ಇರಲಿಲ್ಲ.

"ನಾನೇ," ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದೆ. ಈ ಮೇಜಿನ ಮೇಲೆಯೇ ಎಡಿಟ್ ಮಾಡಿದೆ, ಲಿಫ್ಟಿನಲ್ಲಿ ನೋಡಿದ ದಿನವೇ ನಿನ್ನ ಗುರುತು ಸಿಕ್ಕಿತ್ತು ಎಂದೆ. ಅವಳು ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ತೋರಿಸಿ ಎಂದಳು.

ಕಂಪನಿಯ ಫುಟೇಜನ್ನು ಹೊರಗಿನವರಿಗೆ ತೋರಿಸುವಂತಿಲ್ಲ. ತೋರಿಸಿದೆ. ಟವೆಲ್ ಹೊದ್ದು ಕುಳಿತ ಗೆಳತಿಯರು ಬಂದಾಗ ಅವಳು ಒಬ್ಬೊಬ್ಬರ ಹೆಸರು ಹೇಳಿದಳು. ಇವಳು ಊರಿಗೆ ಹೋದಳು, ಇವಳ ಅಪ್ಪ ತೀರಿಕೊಂಡರು, ಇವಳು ಮೆಸೇಜಿಗೆ ಉತ್ತರ ಕೊಡುತ್ತಿಲ್ಲ. ಚಪ್ಪಲಿ ಬಿದ್ದಾಗ ನಕ್ಕಳು, ಪರದೆಯ ಮೇಲೆ ನಕ್ಕ ಹಾಗೆಯೇ. ಆಮೇಲೆ ಎಡಿಟ್ ಆದದ್ದನ್ನು ಹಾಕಿ ಎಂದಳು. ಅದನ್ನು ಅಲ್ಲಲ್ಲಿ ನಿಲ್ಲಿಸಿ, ಇದು ಯಾರ ತೀರ್ಮಾನ, ಇದು ಯಾರ ತೀರ್ಮಾನ ಎಂದು ಕೇಳುತ್ತ ಹೋದಳು. ಅವನು ಹೇಳಿದ, ನಾನು ಮಾಡಿದೆ ಎಂದು ಪ್ರತಿ ಸಲವೂ ಅದೇ ಉತ್ತರ ಕೊಟ್ಟೆ. ನಗುವಿನ ಹತ್ತಿರ ಬಂದಾಗ ಮಾತ್ರ ಉತ್ತರ ಬದಲಾಯಿತು. ಇದು ನನ್ನದು, ನನಗೆ ಇಷ್ಟವಾಗಿ ಹಾಕಿದೆ ಎಂದೆ. ನಿಮಗೆ ಇಷ್ಟವಾದದ್ದನ್ನೇ ಅವರು ಗ್ರೂಪಿಗೆ ಹಾಕಿದ್ದು ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ನನ್ನ ಕಾಲಿನ ಗುರುತು ಎಲ್ಲಿ ಎಂದು ಕೇಳಿದಳು. ತೆಗೆದೆ ಎಂದೆ.

ಅವಳು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. ಸಣ್ಣವಳಿದ್ದಾಗ ಒಲೆಯ ಮೇಲಿನ ಗಂಜಿ ಚೆಲ್ಲಿ ಆದ ಗುರುತಂತೆ ಅದು. ಅಮ್ಮ ಪಕ್ಕದಲ್ಲೇ ಇದ್ದರೂ ತಡೆಯಲಾಗಿರಲಿಲ್ಲ. ಈಗ ಊರಿನಲ್ಲಿ ಚರ್ಚಿನ ಹೆಂಗಸರು ವೀಡಿಯೊ ತಂದು ತೋರಿಸಿದಾಗ ಅಮ್ಮ ಅವರಿಗೆ ಹೇಳಿದಳಂತೆ, ಮುಖ ಹೋಲುತ್ತದೆ ಅಷ್ಟೆ, ಇದು ನನ್ನ ಮಗಳಲ್ಲ, ನನ್ನ ಮಗಳ ಕಾಲಿನಲ್ಲಿ ಗುರುತಿದೆ, ಇವಳ ಕಾಲು ನುಣ್ಣಗಿದೆ ಎಂದು. ಫೋನಿನಲ್ಲಿ ಮಗಳನ್ನೂ ಕೇಳಿದಳು. ಮಗಳು ಹೌದಮ್ಮ, ಅದು ನಾನಲ್ಲ ಎಂದಿದ್ದಳು. ಇನ್ನು ನಿಜ ಹೇಳುವಾಗ ತೋರಿಸಲೆಂದೇ ಅವಳು ಫುಟೇಜ್ ಕೇಳಿದ್ದು.

ಒಂದು ಕ್ಷಣ ನನ್ನೊಳಗೆ ಏನೋ ಹಗುರವಾಯಿತು. ಅದು ಮುಖದಲ್ಲಿ ಕಂಡಿರಬೇಕು.

"ಸಮಾಧಾನ ಪಟ್ಕೋಬೇಡಿ ಆಂಟಿ," ಎಂದಳು. "ನನ್ನ ಅಮ್ಮನ ಹತ್ರ ನಾನು ಯಾವತ್ತೂ ಸುಳ್ಳು ಹೇಳಿರಲಿಲ್ಲ. ಈಗ ಅವಳು ಎಲ್ಲರ ಮುಂದೆ ನನ್ನ ಪರ ನಿಂತು ಜಗಳ ಆಡ್ತಿದಾಳೆ. ನಾನು ಹೇಗೆ ಅವಳ ಮುಖ ನೋಡ್ಲಿ?"

ಅವಳು ಕೆಳಗೆ ಹೋದ ಮೇಲೆ ನಿರ್ದೇಶಕನಿಗೆ ಫೋನ್ ಮಾಡಿದೆ. ವೀಡಿಯೊ ತೆಗೆದುಬಿಡು, ಇಲ್ಲವೇ ನಾನು ಬೇರೆ ಥರ ಕಟ್ ಮಾಡಿಕೊಡುತ್ತೇನೆ, ದುಡ್ಡು ಬೇಡ ಎಂದೆ. ಅವನು ಕೆಟ್ಟವನಲ್ಲ. ಮದುವೆ ಶೂಟಿಂಗುಗಳೆಲ್ಲ ರದ್ದಾಗಿ, ಅಪ್ಪನ ಊಟದ ಅಂಗಡಿಯಿಂದ ತಪಾವ್ ಎನ್ನುವ ಪಾರ್ಸೆಲ್ ಊಟದ ಪೊಟ್ಟಣಗಳನ್ನು ಮನೆಮನೆಗೆ ತಲುಪಿಸುತ್ತ ದಿನ ದೂಡುತ್ತಿದ್ದ. ಈ ಹಾಡೊಂದೇ ಅವನಿಗೆ ಸಿಕ್ಕ ಹೆಸರು.

"ಅಕ್ಕಾ, ಹಿಪ್ ಹಾಪ್ ಅಂದ್ರೆ ಹೀಗೇ ಲಾ," ಎಂದ, ಇಲ್ಲಿಯವರು ಮಾತಿನ ಕೊನೆಗೆ ಹಚ್ಚುವ ಲಾ ಸೇರಿಸಿ. "ನೀವು ನಿಮ್ಮೂರಲ್ಲಿ ಕಟ್ ಮಾಡಿದ ಹಾಡುಗಳನ್ನ ನೋಡೇ ನಾನು ನಿಮ್ಮನ್ನ ಕರೆದದ್ದು. ಅವು ಬೇರೆ ಥರ ಇದ್ವಾ?"

ಇರಲಿಲ್ಲ. ಫೋನ್ ಇಟ್ಟೆ.

ಗ್ರೂಪಿನಲ್ಲಿ ಬರೆದದ್ದು ಆ ದಿನ ಸಂಜೆ. ಗಂಡನನ್ನು ಕೇಳಲಿಲ್ಲ, ಆಮೇಲೆ ಹೇಳಿದೆ. ಆ ವೀಡಿಯೊದ ಎಡಿಟರ್ ನಾನು, ಆ ಹುಡುಗಿ ಎಂಜಿನಿಯರಿಂಗ್ ಓದುವ ವಿದ್ಯಾರ್ಥಿನಿ, ಹಗಲು ಹೊತ್ತಿನಲ್ಲಿ ಒಂದು ಶೂಟಿಂಗಿನಲ್ಲಿ ಕುಣಿದಳು, ಅದು ಹಾಗೆ ಕಾಣುವಂತೆ ಮಾಡಿದ್ದು ನಾನು, ದೂರು ಕೊಡುವುದಿದ್ದರೆ ನನ್ನ ಮೇಲೆ ಕೊಡಿ ಎಂದು ಬರೆದೆ. ಮನೆ ನಂಬರ್ ಕೂಡ ಹಾಕಿದೆ.

ಏನೂ ಆಗಲಿಲ್ಲ. ಆಮೇಲೆ ಒಬ್ಬರು ಕೈಮುಗಿಯುವ ಚಿತ್ರ ಹಾಕಿದರು. ಎಡಿಟರ್ ಡಾಕ್ಟರ ಮನೆಯವರೆಂದು ನಮಗೆ ಗೊತ್ತಿರಲಿಲ್ಲ, ನಿಮ್ಮ ಬಗ್ಗೆ ಯಾರೂ ಏನೂ ಹೇಳಿಲ್ಲ ಎಂದರು ಇನ್ನೊಬ್ಬರು. ಗ್ರೂಪ್ ನಡೆಸುವವರು ಸೂಕ್ಷ್ಮ ವಿಷಯಗಳ ಚರ್ಚೆ ಇಲ್ಲಿ ಬೇಡ ಎಂದು ಮುಗಿಸಿದರು. ಮರುದಿನ ಕೆಳಗೆ ಸಿಕ್ಕ ಕನ್ನಡದ ಹೆಂಗಸೊಬ್ಬರು, ಎಷ್ಟು ಒಳ್ಳೆಯ ಮನಸ್ಸು ನಿಮ್ಮದು, ಯಾರದೋ ತಪ್ಪನ್ನು ಮೈಮೇಲೆ ಹಾಕಿಕೊಂಡಿರಿ ಎಂದರು. ನಾನು ಬರೆದದ್ದು ನಿಜ ಎಂದು ಅವರು ನಂಬಿಯೇ ಇರಲಿಲ್ಲ. ಅದೇ ವೀಡಿಯೊಗೆ ಅವಳು ಮನೆ ಕಳೆದುಕೊಂಡಳು, ನನಗೆ ಮೆಚ್ಚುಗೆ ಸಿಕ್ಕಿತು.

ಮಾಲೀಕನ ಮನೆಗೂ ಫೋನ್ ಮಾಡಿ ಮಾತಾಡಿದೆ. ತನಗೇನೂ ದ್ವೇಷವಿಲ್ಲ, ಆದರೆ ಅಕ್ಕಪಕ್ಕದವರ ತಕರಾರು ಬೇಡ, ಮಾತು ಕೊಟ್ಟಾಗಿದೆ ಎಂದ. ಬರೆಯುವುದಿದ್ದರೆ ಚಿತ್ರ ಬಂದ ಬೆಳಿಗ್ಗೆಯೇ ಬರೆಯಬೇಕಾಗಿತ್ತು. ಆ ದಿನ ಚಿತ್ರಾನ್ನ ಮಾಡುತ್ತಿದ್ದೆ.

ಪೆಟಾಲಿಂಗ್ ಜಯಾದಲ್ಲಿ ಅವಳ ಚರ್ಚಿನವರು ಒಂದು ಕೋಣೆ ಕೊಡಿಸಿದರು. ಸಾಮಾನು ಸಾಗಿಸಲು ನಮ್ಮ ಕಾರು ತೆಗೆದೆ. ಎರಡು ಸೂಟ್‌ಕೇಸ್, ಒಂದು ಅಕ್ಕಿ ಕುಕ್ಕರ್, ಒಂದು ಡ್ರಾಯಿಂಗ್ ಬೋರ್ಡ್. ದಾರಿಯಲ್ಲಿ ಪೊಲೀಸರು ರಸ್ತೆ ಅಡ್ಡಗಟ್ಟಿ ನಿಂತಿದ್ದರು. ನನ್ನ ಗುರುತಿನ ಕಾರ್ಡನ್ನು ಕಿಟಕಿಯಿಂದಲೇ ನೋಡಿ ಸಾಕು ಎಂದರು. ಅವಳ ಪಾಸ್‌ಪೋರ್ಟ್ ತೆಗೆದುಕೊಂಡು ಹೋದವನು ಬಹಳ ಹೊತ್ತು ಬರಲಿಲ್ಲ. ಬಿಸಿಲಿಗೆ ಕಾರು ಕಾದಿತ್ತು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದಾಗ, ಪರವಾಗಿಲ್ಲ, ಅಭ್ಯಾಸವಾಗಿದೆ ಎಂದು ಅವಳೇ ಹೇಳಿದಳು. ವಾಪಸ್ ಬಂದವನು ಪಾಸ್‌ಪೋರ್ಟ್ ಕೊಡುವಾಗ ಅವಳನ್ನು ಮೇಲಿನಿಂದ ಕೆಳಗೆ ನೋಡಿದ. ಆ ನೋಟದ ದಾರಿ ನನಗೆ ಚೆನ್ನಾಗಿ ಗೊತ್ತಿತ್ತು. ಎಲ್ಲಿ ನಿಧಾನವಾಗಬೇಕು, ಎಲ್ಲಿ ನಿಲ್ಲಬೇಕು ಎಂದು ಊಟದ ಮೇಜಿನಲ್ಲಿ ಕೂತು ನಾನೇ ಜೋಡಿಸಿದ ದಾರಿ ಅದು. ಕಾರು ಮುಂದೆ ತೆಗೆದೆ.

ಹೊಸ ಮನೆಯ ಮುಂದೆ ಸಾಮಾನು ಇಳಿಸಿದ ಮೇಲೆ ಅವಳು ಥ್ಯಾಂಕ್ಯೂ ಮೇಡಂ ಎಂದಳು. ಆಂಟಿ ಎನ್ನಲಿಲ್ಲ.

ಆಮೇಲೂ ಕೆಲವು ಸಲ ಮೆಸೇಜ್ ಮಾಡಿದೆ, ಚಿಕ್ಕ ಉತ್ತರ ಬರುತ್ತಿತ್ತು. ನಿರ್ದೇಶಕ ಇನ್ನೊಂದು ಹಾಡು ತಂದ. ಕುಣಿಯುವವರ ಮುಖ ಇರುವುದಾದರೆ ಮಾಡುತ್ತೇನೆ ಎಂದೆ. ಸರಿ ಅಕ್ಕಾ ಎಂದು ಒಯ್ದು ಬೇರೆಯವರಿಗೆ ಕೊಟ್ಟ. ಇದನ್ನು ದೊಡ್ಡ ತ್ಯಾಗ ಎನ್ನಲಾರೆ. ಅಷ್ಟರಲ್ಲಿ ಗಂಡನ ಕಾಲೇಜಿನಲ್ಲಿ ಆನ್‌ಲೈನ್ ಪಾಠಗಳ ವೀಡಿಯೊ ಸರಿಮಾಡುವ ಕೆಲಸ ಸಿಕ್ಕಿತ್ತು, ಮನೆ ನಡೆಯುತ್ತಿತ್ತು.

ಮುಂದಿನ ವರ್ಷ ಅವಳು ಪರೀಕ್ಷೆ ಮುಗಿಸಿ ಊರಿಗೆ ಹೊರಡುವ ಸುದ್ದಿ ಬಂತು. ಅದಕ್ಕೆ ಮೊದಲು ಏನಾದರೂ ಮಾಡಬೇಕು ಎಂಬ ತಹತಹ ನನಗೆ. ವೀಡಿಯೊದ ಕೊನೆಯಲ್ಲಿ ಕ್ಯಾಮೆರಾದವನ, ಮೇಕಪ್ಪಿನವಳ, ಕಾರು ಬಾಡಿಗೆ ಕೊಟ್ಟವನ ಹೆಸರಿತ್ತು, ನನ್ನದಿತ್ತು. ಕುಣಿದ ಒಬ್ಬಳ ಹೆಸರೂ ಇರಲಿಲ್ಲ. ಅವರ ಹೆಸರುಗಳನ್ನಾದರೂ ಹಾಕು ಎಂದು ನಿರ್ದೇಶಕನ ಹಿಂದೆ ಬಿದ್ದೆ. ವೀಡಿಯೊದ ಕೆಳಗೆ ಬರೆದು ಹಾಕುತ್ತೇನೆ, ಹೆಸರು ಕಳಿಸಿ ಎಂದು ಒಪ್ಪಿದ. ಅವರ ಹೆಸರು ಅವನಿಗೇ ಗೊತ್ತಿರಲಿಲ್ಲ ಎನ್ನುವುದು ಆಗ ಗೊತ್ತಾಯಿತು. ಗೆದ್ದವಳ ಹಾಗೆ ಅವಳಿಗೆ ಫೋನ್ ಮಾಡಿದೆ.

ಅವಳು ಪೂರ್ತಿ ಕೇಳಿಸಿಕೊಂಡಳು. ಹಿಂದೆ ಯಾರೋ ಟೇಪು ಎಳೆದು ಪೆಟ್ಟಿಗೆ ಕಟ್ಟುತ್ತಿದ್ದ ಸದ್ದು ಬರುತ್ತಿತ್ತು.

"ದಯವಿಟ್ಟು ನನ್ನ ಹೆಸರು ಅಲ್ಲಿ ಹಾಕಬೇಡಿ," ಎಂದಳು. "ಕೆಲಸ ಕೊಡೋರು ಹೆಸರು ಹಾಕಿ ಹುಡುಕ್ತಾರೆ. ನಿಮ್ಮ ಹೆಸರು ಇದೆಯಲ್ಲ, ಅದು ಇರಲಿ."

ಆಯಿತು ಎಂದೆ. ಇದು ನನಗೆ ಯಾಕೆ ಹೊಳೆಯಲಿಲ್ಲ ಎಂದು ಯೋಚಿಸುವಷ್ಟರಲ್ಲಿ ಅವಳು ವಿಮಾನದ ಸಮಯ, ಮೂಗಿಗೆ ಕಡ್ಡಿ ಹಾಕಿಸುವ ಪರೀಕ್ಷೆ, ಎರಡು ಕಡೆ ಬದಲಿಸಬೇಕಾದ ವಿಮಾನ ಎಂದೆಲ್ಲ ಹೇಳಿದಳು. ಅಮ್ಮನಿಗೆ ಏನು ಹೇಳುತ್ತೀ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವಳೂ ಹೇಳಲಿಲ್ಲ. ಈಗ ಅವಳು ಅಲ್ಲಿ ರಸ್ತೆ ಕಟ್ಟುವ ಒಂದು ಕಂಪನಿಯಲ್ಲಿದ್ದಾಳೆ ಎಂದು ಕೇಳಿದ್ದೇನೆ. ಹಬ್ಬಕ್ಕೆ ನಾನು ಕಳಿಸುವ ಶುಭಾಶಯಕ್ಕೆ ಕೆಲವು ವರ್ಷ ಉತ್ತರ ಬರುತ್ತದೆ, ಕೆಲವು ವರ್ಷ ಬರುವುದಿಲ್ಲ.